ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿದವರಿಗೆ ಹಡಗಿನ ಅಡುಗೆಮನೆ

ಪ್ರಶ್ನೆ: ಬಿ.ಎಚ್.ಎಂ. ಮುಗಿಸಿ ಆರು ತಿಂಗಳಾಯಿತು. ಕ್ರೂಸ್ ಹಡಗಿನ ಕಿಚನ್‌ಗೆ ಸೇರಿಸಲು ಏಜೆಂಟರೊಬ್ಬರು ಒಂದೂವರೆ ಲಕ್ಷ ಕೇಳುತ್ತಿದ್ದಾರೆ, ಸರ್ಟಿಫಿಕೇಟುಗಳನ್ನೂ ಅವರೇ ಮಾಡಿಸುತ್ತಾರಂತೆ. ಹಣ ಕಟ್ಟಲೇ?
– ಓದುಗರು, ಶಿವಮೊಗ್ಗ

ಉತ್ತರ: ಖಂಡಿತ ಕಟ್ಟಬೇಡಿ. ಹಡಗಿಗೆ ಜನರನ್ನು ಸೇರಿಸುವ ಸಂಸ್ಥೆಗೆ ನೌಕಾಯಾನ ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್ ಪರವಾನಗಿ ಇರಲೇಬೇಕು. ಕೆಲಸ ಕೊಡಿಸಿದ್ದಕ್ಕೆ ನಿಮ್ಮಿಂದ ಅದು ದುಡ್ಡು ಪಡೆಯುವಂತಿಲ್ಲ. ಪಾಸ್‌ಪೋರ್ಟ್, ಮೆಡಿಕಲ್, ಸಿಡಿಸಿ (ನಾವಿಕರ ಗುರುತಿನ) ಪುಸ್ತಕದ ಖರ್ಚು ನಿಮ್ಮದು. ವೀಸಾ ಖರ್ಚು ಹಡಗಿನ ಮಾಲೀಕರದು. ಪರವಾನಗಿ ಸಂಖ್ಯೆ ಕೇಳಿ, ನಿರ್ದೇಶನಾಲಯದ ಜಾಲತಾಣದಲ್ಲಿ ನೀವೇ ನೋಡಿ. ಸಂಖ್ಯೆ ಕೊಡಲು ಮೀನಮೇಷ ಎಣಿಸಿದರೆ ಅಲ್ಲಿಂದ ಎದ್ದು ಬನ್ನಿ.

ಸರ್ಟಿಫಿಕೇಟುಗಳನ್ನು ನೀವೇ ಮಾಡಿಸಿಕೊಳ್ಳಬಹುದು. ಮೊದಲು ಮಾನ್ಯತೆ ಪಡೆದ ವೈದ್ಯರಲ್ಲಿ ಮೆಡಿಕಲ್ ಮಾಡಿಸಿ, ಅಲ್ಲಿ ಫೇಲಾದರೆ ಕೋರ್ಸಿನ ಹಣವಾದರೂ ಉಳಿಯುತ್ತದೆ. ಆಮೇಲೆ ಇಂಡೋಸ್ (ನಾವಿಕರ ನೋಂದಣಿ) ಸಂಖ್ಯೆ, ನಂತರ ಹಡಗಿನ ಸಿಬ್ಬಂದಿಗೆ ಬೇಕಾದ ಮೂಲಭೂತ ಎಸ್‌ಟಿಸಿಡಬ್ಲ್ಯು ತರಬೇತಿ: ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ವೈಯಕ್ತಿಕ ಸುರಕ್ಷತೆ, ಜೊತೆಗೆ ಭದ್ರತಾ ತರಬೇತಿ. ಲೈಫ್ ಜಾಕೆಟ್ ತೊಟ್ಟು ಕೊಳಕ್ಕೆ ಹಾರಬೇಕು, ಮಗುಚಿದ ರಾಫ್ಟನ್ನು ನೆಟ್ಟಗೆ ಮಾಡಬೇಕು. ಈ ತರಬೇತಿಗಳಲ್ಲಿ ಮೊದಲೆರಡನ್ನು, ಅಂದರೆ ಜೀವ ಉಳಿಸಿಕೊಳ್ಳುವುದು ಮತ್ತು ಬೆಂಕಿ ನಂದಿಸುವುದನ್ನು, 5 ವರ್ಷಕ್ಕೊಮ್ಮೆ ನವೀಕರಿಸಬೇಕು.

ನಮ್ಮವರ ಅರ್ಜಿ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಇನಿಷಿಯಲ್‌ನಲ್ಲಿ. ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್.’, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಹೆಸರು. ಎಲ್ಲ ದಾಖಲೆಯಲ್ಲೂ ಹೆಸರು ಅಕ್ಷರಶಃ ಒಂದೇ ಇರುವಂತೆ ಈಗಲೇ ತಿದ್ದಿಸಿ.

ಇಷ್ಟಾದರೂ ಅನುಭವವಿಲ್ಲದೆ ಹಡಗಿನ ಕಿಚನ್ ಸಿಗುವುದು ಕಷ್ಟ. ನನ್ನ ಸಲಹೆ: ಮೊದಲು ಒಳ್ಳೆಯ ಹೋಟೆಲೊಂದರಲ್ಲಿ ಕಾಮಿ-3 (ಕಿಚನ್‌ನ ಆರಂಭಿಕ ಹಂತದ ಅಡುಗೆಯವರು) ಆಗಿ ಸೇರಿ, ಎರಡು ವರ್ಷ ದುಡಿಯಿರಿ. ಅಲ್ಲೂ ಟ್ರೇಡ್ ಟೆಸ್ಟ್, ಅಂದರೆ ಅಡುಗೆ ಮಾಡಿ ತೋರಿಸುವ ಪರೀಕ್ಷೆ, ಇರುತ್ತದೆ. ಕ್ಯಾರೆಟ್ಟನ್ನು 3 ಮಿ.ಮೀ. ದಪ್ಪದ ಕಡ್ಡಿಗಳಾಗಿ ಹೆಚ್ಚಿದರೆ ಜೂಲಿಯನ್, ಆ ಕಡ್ಡಿಗಳನ್ನೇ ಅಡ್ಡಕ್ಕೆ 3 ಮಿ.ಮೀ.ಗೆ ಕತ್ತರಿಸಿದರೆ ಬ್ರುನ್ವಾ. ಫ್ರೆಂಚ್ ಆಮ್ಲೆಟ್ ಕೆಂಪಾಗಬಾರದು, ಒಳಗೆ ಮೆತ್ತಗಿರಬೇಕು. ಮನೆಯಲ್ಲಿ ಅಂಚು ಗರಿಗರಿ ಮಾಡಿ ರೂಢಿಯಾದವರು ಪ್ಯಾನ್ ವಿಪರೀತ ಕಾಯಿಸಿ ಇಲ್ಲೇ ಎಡವುತ್ತಾರೆ. ಬೆಣ್ಣೆ ನೊರೆಯೆದ್ದ ಕೂಡಲೇ, ಬಣ್ಣ ತಿರುಗುವ ಮುಂಚೆ, ಮೊಟ್ಟೆ ಸುರಿಯಿರಿ.

ನಿಮಗೆ ಇನ್ನೊಂದು ಡಿಪ್ಲೊಮಾ ಬೇಕಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಫಾಸ್ಟ್ಯಾಕ್ ತರಬೇತಿ ಮಾತ್ರ ಮಾಡಿಕೊಳ್ಳಿ. ಆಹಾರ ಮುಟ್ಟುವ ಪ್ರತಿ 25 ಮಂದಿಗೆ ತರಬೇತಾದ ಒಬ್ಬ ಮೇಲ್ವಿಚಾರಕರು ಇರಬೇಕೆಂಬುದು ಪ್ರಾಧಿಕಾರದ ನಿಯಮ. ಹಾಗಾಗಿ ಈ ಕಾಗದವನ್ನು ಹೋಟೆಲಿನವರು ನಿಜಕ್ಕೂ ಕೇಳಿ ನೋಡುತ್ತಾರೆ.