ಎರಡನೇ ಗೇರ್ ಜಾರುತ್ತಿದೆ ಎಂದ ಮಾತ್ರಕ್ಕೆ ಗೇರ್ ಬಾಕ್ಸ್ ಇಳಿಸಬೇಡಿ

ಮಾನ್ಯರೇ,

ತೋಟದ ಎಂಎಂ 540 ಜೀಪು ಇಳಿಜಾರಿನಲ್ಲಿ ಎರಡನೇ ಗೇರಿನಿಂದ ಜಾರಿ ನ್ಯೂಟ್ರಲ್‌ಗೆ ಬೀಳುತ್ತಿದೆ, ಗೇರ್ ಹಾಕುವಾಗ ಕರಕರ ಶಬ್ದ ಬರುತ್ತಿದೆ, ಗ್ಯಾರೇಜಿನವರು ಬಾಕ್ಸ್ ಇಳಿಸಿ ಎರಡನೇ ಗೇರಿನ ಸೆಟ್ ಬದಲಿಸೋಣ ಎಂದಿದ್ದಾರೆ ಎಂದು ತಾವು ಬರೆದಿದ್ದೀರಿ. ಜೊತೆಗೆ, ಮಳೆಗಾಲಕ್ಕೆ ಮುಂಚೆ ಕ್ರೌನಿಗೆಂದು (ಆಕ್ಸಲ್ ನಡುವಿನ ಗೇರುಗಳಿಗೆಂದು) ತಂದ ಆಯಿಲನ್ನೇ ಗೇರ್ ಬಾಕ್ಸಿಗೂ ತುಂಬಿಸಿದ್ದಾಗಿಯೂ, ಮಳೆ ಹಿಡಿದಾಗ ತೋಟದ ಗೇಟಿನಿಂದ ಪೇಟೆಯವರೆಗೂ ಫೋರ್ ವೀಲ್ ಹಾಕಿಕೊಂಡೇ ಓಡಿಸುವುದಾಗಿಯೂ ಹೇಳಿದ್ದೀರಿ. ಈ ಎರಡು ಸಂಗತಿಗಳನ್ನು ತಾವು ಮಾತಿನ ಮಧ್ಯೆ ಸುಮ್ಮನೆ ಸೇರಿಸಿರಬಹುದು, ಆದರೆ ನನಗೆ ರೋಗದ ಬೇರು ಅಲ್ಲೇ ಕಾಣುತ್ತಿದೆ. ನಮ್ಮ ಜೀಪಿಗೂ ಇವೇ ಎರಡು ಅಭ್ಯಾಸಗಳಿದ್ದವು. ಗೇರ್ ಸೆಟ್ ಬದಲಾಯಿತು, ಅಭ್ಯಾಸ ಬದಲಾಗಲಿಲ್ಲ. ಹೊಸ ಸೆಟ್ಟೂ ಹಳೆಯದರ ದಾರಿಯನ್ನೇ ಹಿಡಿಯಿತು. ಗೇರಿನ ಹಲ್ಲು ತಾನಾಗಿ ಹಾಳಾಗುವುದು ಅಪರೂಪ, ಬಹುತೇಕ ಸಲ ಅದನ್ನು ಯಾವುದೋ ಒಂದು ಕಾರಣ ಹಾಳುಮಾಡಿರುತ್ತದೆ. ಆ ಕಾರಣ ಸಿಗುವವರೆಗೆ ದಯವಿಟ್ಟು ಸ್ಪ್ಯಾನರ್ ಮುಟ್ಟಲು ಬಿಡಬೇಡಿ.

ಮೊದಲು ಕ್ಲಚ್ಚಿನ ಸಂಶಯ ನಿವಾರಿಸಿಕೊಳ್ಳಿ. ಇಂಜಿನ್ ಐಡಲ್‌ನಲ್ಲಿರಲಿ, ಕ್ಲಚ್ ಪೂರ್ತಿ ಒತ್ತಿ ಕೆಲವು ಸೆಕೆಂಡ್ ತಡೆದು ರಿವರ್ಸ್ ಹಾಕಿ. ಆಗಲೂ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ, ದೋಷ ಗೇರ್ ಬಾಕ್ಸಿನದಲ್ಲ. ರಿವರ್ಸ್ ಮೆತ್ತಗೆ ಬಿದ್ದು, ಓಟದಲ್ಲಿ ಎರಡನೆಯದು ಮಾತ್ರ ಕಿರುಚಿದರೆ, ಡಬಲ್ ಕ್ಲಚ್ ಮಾಡಿ (ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ ಬಿಟ್ಟು, ಮತ್ತೆ ಒತ್ತಿ ಗೇರ್ ಹಾಕಿ) ನೋಡಿ. ಆಗ ಶಬ್ದ ಹೋದರೆ, ಗೇರ್ ಬೀಳುವ ಮುನ್ನ ವೇಗ ಸರಿಗಟ್ಟಿಸುವ ಸಿಂಕ್ರೋ ರಿಂಗ್ ಸವೆದಿದೆ. ಬೇರಿಂಗ್ ಶಬ್ದವನ್ನೂ ಹೀಗೆಯೇ ಬೇರ್ಪಡಿಸಬಹುದು. ನಿಂತಲ್ಲೇ ನ್ಯೂಟ್ರಲ್‌ನಲ್ಲಿ ಬರುವ ಗುರುಗುಡು ಕ್ಲಚ್ ಒತ್ತಿದ ಕೂಡಲೇ ನಿಂತರೆ ಇನ್‌ಪುಟ್ ಶಾಫ್ಟ್ (ಇಂಜಿನ್ ಕಡೆಯಿಂದ ಬರುವುದು) ಅಥವಾ ಲೇ ಶಾಫ್ಟಿನ (ಅದರಿಂದ ತಿರುಗಿ ಗೇರುಗಳಿಗೆ ಬಲ ಕೊಡುವ ಪಕ್ಕದ ಶಾಫ್ಟ್) ಬೇರಿಂಗ್. ಒತ್ತಿದಾಗಲೇ ಶುರುವಾದರೆ ಕ್ಲಚ್ಚಿನ ರಿಲೀಸ್ ಬೇರಿಂಗ್. ಎಲ್ಲ ಗೇರಿನಲ್ಲೂ ಬಂದು ಟಾಪ್‌ನಲ್ಲಿ ಮಾತ್ರ ತಗ್ಗುವ ಶಬ್ದ ಲೇ ಶಾಫ್ಟಿನದು, ಏಕೆಂದರೆ ಟಾಪ್‌ನಲ್ಲಿ ಲೇ ಶಾಫ್ಟ್ ತಿರುಗುತ್ತಿದ್ದರೂ ಅದರ ಮೇಲೆ ಭಾರವಿರುವುದಿಲ್ಲ (ಐದು ಗೇರಿನ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕನೆಯದನ್ನು ಹೀಗೆ ನೋಡಬೇಕು). ಕ್ಲಚ್ ಒತ್ತಿ ನ್ಯೂಟ್ರಲ್‌ನಲ್ಲಿ ಉರುಳುವಾಗಲೂ ಗಾಡಿಯ ವೇಗಕ್ಕೆ ತಕ್ಕಂತೆ ಏರಿಳಿಯುವ ಊಳು ಬಂದರೆ, ಇಂಜಿನ್ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ ಹಿಂದಕ್ಕೆ ಹುಡುಕಬೇಕು.

ಗೇರ್ ಜಾರುವುದಕ್ಕೆ ಹೊರಗಿನ ಕಾರಣಗಳೂ ಇವೆ. ಲಿವರಿನ ರಬ್ಬರ್ ಬೂಟ್ ಗಟ್ಟಿಯಾಗಿ ಅಥವಾ ಫ್ಲೋರ್ ಪ್ಲೇಟಿನ ಅಂಚು ತಾಗಿ ಲಿವರ್ ಪೂರ್ತಿ ಒಳಗೆ ಹೋಗದಿದ್ದರೆ ಹಲ್ಲುಗಳು ಅರ್ಧದಷ್ಟೇ ಕಚ್ಚಿಕೊಂಡಿರುತ್ತವೆ, ಇಳಿಜಾರಿನಲ್ಲಿ ಇಂಜಿನ್ ಹಿಡಿದ ಕ್ಷಣ ಬಿಟ್ಟುಕೊಡುತ್ತವೆ. ಬೂಟ್ ಬಿಚ್ಚಿ ಗೇರ್ ಹಾಕಿ ನೋಡುವುದಕ್ಕೆ ಐದು ನಿಮಿಷ ಸಾಕು. ಗೇರ್ ಬಾಕ್ಸ್ ಮೌಂಟಿಂಗ್ ರಬ್ಬರ್, ಬೆಲ್ ಹೌಸಿಂಗಿನ ಬೋಲ್ಟ್, ಹಾಕಿದ ಗೇರನ್ನು ಜಾಗದಲ್ಲಿ ಹಿಡಿದಿಡುವ ಸೆಲೆಕ್ಟರಿನ ಸ್ಪ್ರಿಂಗ್ ಮತ್ತು ಗುಂಡು, ಇವನ್ನೂ ನೋಡದೆ ಬಾಕ್ಸ್ ಇಳಿಸಲು ಹೊರಡುವ ಮೆಕ್ಯಾನಿಕ್‌ಗೆ ಕೆಲಸಕ್ಕಿಂತ ಬಿಲ್ಲಿನ ಮೇಲೆ ಆಸಕ್ತಿ ಹೆಚ್ಚು ಎಂದೇ ನಾನು ತಿಳಿಯುತ್ತೇನೆ.

ಇಷ್ಟಾದ ಮೇಲೆ ಆಯಿಲ್ ಇಳಿಸಿ ನೋಡಿ. ಈ ಗುಂಪಿನಲ್ಲಿ ನಾನು ಇದನ್ನು ಹಿಂದೆಯೂ ಹೇಳಿ ಬೇಸರ ತರಿಸಿದ್ದೇನೆ, ಆದರೂ ಇದಕ್ಕಿಂತ ಅಗ್ಗದ ಪರೀಕ್ಷೆ ನನಗೆ ಗೊತ್ತಿಲ್ಲ. ಜೀಪನ್ನು ಐದಾರು ಕಿಲೋಮೀಟರ್ ಓಡಿಸಿ ಆಯಿಲ್ ಬಿಸಿಯಾಗಿರುವಾಗಲೇ ಕಾಫಿ ಕಣದಲ್ಲಿ ನಿಲ್ಲಿಸಿ. ತೋಟದಲ್ಲಿ ನಿಜವಾಗಿ ಸಮತಟ್ಟಾದ ಜಾಗ ಅದೊಂದೇ. ಮೊದಲು ಫಿಲ್ಲರ್ ಬೋಲ್ಟ್ ಬಿಚ್ಚಿ ಬೆರಳು ಹಾಕಿ, ಆಯಿಲ್ ತೂತಿನ ಕೆಳ ಅಂಚಿಗೆ ಮುಟ್ಟಿರಬೇಕು. ಫಿಲ್ಲರ್ ಬೋಲ್ಟ್ ಬಿಚ್ಚಲಾಗದಿದ್ದರೆ ಡ್ರೈನ್ ಬೋಲ್ಟಿಗೆ ಕೈ ಹಾಕಲೇ ಬೇಡಿ, ಇಳಿಸಿದ ಮೇಲೆ ತುಂಬಿಸುವ ದಾರಿಯಿಲ್ಲದೆ ಕೂರಬೇಕಾಗುತ್ತದೆ. ಬಿಳಿ ಎನಾಮಲ್ ಬೇಸಿನ್‌ಗೆ ಆಯಿಲ್ ಇಳಿಸಿ ಬಿಸಿಲಿನಲ್ಲಿಡಿ. ಹಳೆಯ ಸ್ಪೀಕರಿನ ಮ್ಯಾಗ್ನೆಟ್ಟನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬೇಸಿನ್ನಿನ ತಳದಲ್ಲಿ ನಿಧಾನವಾಗಿ ಆಡಿಸಿ, ಹೊರತೆಗೆದು ಚೀಲವನ್ನು ಒಳಹೊರಗು ಮಾಡಿದರೆ ಹಿಡಿದದ್ದೆಲ್ಲ ಚೀಲದಲ್ಲೇ ಉಳಿಯುತ್ತದೆ.

ಬೆರಳುಗಳ ನಡುವೆ ಉಜ್ಜಿದರೆ ನುಣ್ಣಗೆ ಸಿಗುವ ಬೂದು ಬಣ್ಣದ ಪೇಸ್ಟ್ ಮಾಮೂಲಿ ಸವೆತ, ಹಳೆಯ ಬಾಕ್ಸಿನಲ್ಲಿ ಅದು ಇದ್ದೇ ಇರುತ್ತದೆ. ಉಗುರಿಗೆ ಚುಚ್ಚುವ ಚೂರು, ಸೂಜಿಯಂತಹ ಎಳೆ, ಹೊಳೆಯುವ ಸಿಪ್ಪೆ ಸಿಕ್ಕರೆ ಹಲ್ಲೋ ಬೇರಿಂಗೋ ಉದುರುತ್ತಿದೆ, ಅಂದಿನಿಂದ ಗಾಡಿ ಓಡಿಸುವುದನ್ನು ನಿಲ್ಲಿಸಬೇಕು. ಮ್ಯಾಗ್ನೆಟ್ ಹಿಡಿಯದ, ಬಿಸಿಲಿಗೆ ಚಿನ್ನದ ಪುಡಿಯಂತೆ ಮಿನುಗುವ ಕಣಗಳು ಆಯಿಲಿನಲ್ಲಿ ತೇಲುತ್ತಿದ್ದರೆ ಅದು ಸಿಂಕ್ರೋ ರಿಂಗಿನ ಹಿತ್ತಾಳೆ. ತಮ್ಮ ಗಾಡಿಯಲ್ಲಿ ಇದೇ ಸಿಗಬಹುದೆಂದು ನನ್ನ ಊಹೆ. ಹಾಲು ಬೆರೆತ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಆಯಿಲ್ ಕಡಿಮೆಯಾಗಿ ಓಡಿದೆ ಅಥವಾ ವಿಪರೀತ ಬಿಸಿಯಾಗಿದೆ. ಟ್ರಾನ್ಸ್‌ಫರ್ ಕೇಸಿನ ಆಯಿಲನ್ನು ಬೇರೆ ಪಾತ್ರೆಗೆ ಇಳಿಸಿ, ಎರಡರ ಅಳತೆಯನ್ನೂ ನೋಡಿ. ಹಳೆಯ ಜೀಪುಗಳಲ್ಲಿ ಗೇರ್ ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವಿನ ಸೀಲ್ ಸವೆದರೆ ಒಂದರ ಆಯಿಲ್ ಇನ್ನೊಂದಕ್ಕೆ ದಾಟುತ್ತದೆ. ಹೊರಗೆ ಒಂದು ಹನಿಯೂ ಸೋರದೆ ಒಂದು ಒಣಗುತ್ತದೆ, ಇನ್ನೊಂದು ತುಂಬಿ ತುಳುಕುತ್ತದೆ. ಪ್ರತಿ ಸಲ ಇಳಿಸಿದ ಆಯಿಲಿನ ಸ್ವಲ್ಪ ಭಾಗವನ್ನು ಗಾಜಿನ ಸಣ್ಣ ಬಾಟಲಿಗೆ ಹಾಕಿ, ಕಿಲೋಮೀಟರ್ ಬರೆದ ಚೀಟಿ ಅಂಟಿಸಿ ಶೆಡ್ಡಿನಲ್ಲಿಡಿ. ಬಾಟಲಿಗಳನ್ನು ಸಾಲಾಗಿ ಇಟ್ಟರೆ ಯಾವ ಕಿಲೋಮೀಟರಿನಿಂದ ಬಣ್ಣ ತಿರುಗಿತು ಎಂಬುದು ತಾನೇ ಕಾಣುತ್ತದೆ.

ಈಗ ತಾವು ತುಂಬಿಸಿದ ಆಯಿಲಿನ ವಿಚಾರ. ಅಂಗಡಿಯಲ್ಲಿ ತೊಂಬತ್ತು ನಂಬರ್ ಕೊಡಿ ಎಂದರೆ ಕೈಗೆ ಬಂದ ಡಬ್ಬ ಕೊಡುತ್ತಾರೆ. ತೊಂಬತ್ತು ಎನ್ನುವುದು ಆಯಿಲಿನ ದಪ್ಪವನ್ನಷ್ಟೇ ಹೇಳುತ್ತದೆ, ಗುಣವನ್ನು ಹೇಳುವುದು ಡಬ್ಬದ ಹಿಂದಿನ ಜಿಎಲ್-4 ಅಥವಾ ಜಿಎಲ್-5 ಎಂಬ ಗುರುತು. ಕ್ರೌನ್ ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಉಜ್ಜಿ ಜಾರುತ್ತವೆ, ಅದಕ್ಕಾಗಿ ಜಿಎಲ್-5ರಲ್ಲಿ ಗಂಧಕ ಮತ್ತು ರಂಜಕದ ರಾಸಾಯನಿಕಗಳು ಹೆಚ್ಚಿರುತ್ತವೆ; ಜಿಎಲ್-4ರಲ್ಲಿ ಅವು ಸುಮಾರು ಅರ್ಧದಷ್ಟು. ಹಿತ್ತಾಳೆ ಮತ್ತು ಕಂಚಿನ ಭಾಗಗಳನ್ನು ಈ ರಾಸಾಯನಿಕಗಳು ಬಿಸಿಯಲ್ಲಿ ನಿಧಾನವಾಗಿ ತಿನ್ನುತ್ತವೆ. ಅದರ ಜೊತೆಗೆ, ಸಿಂಕ್ರೋ ರಿಂಗ್ ಕೆಲಸ ಮಾಡಬೇಕಾದರೆ ಕೋನಿನ ಮೇಲೆ ಬಿಗಿಯಾಗಿ ಹಿಡಿದು ಗೇರಿನ ವೇಗವನ್ನು ಸರಿಗಟ್ಟಿಸಬೇಕು, ಜಾರಿಕೆ ಹೆಚ್ಚಾದ ಆಯಿಲಿನಲ್ಲಿ ಆ ಹಿಡಿತವೇ ಸಿಗುವುದಿಲ್ಲ. ಹಿಡಿತ ಸಿಗದಿದ್ದರೆ ಕರಕರ ಬರುತ್ತದೆ, ಕರಕರ ಬಂದಾಗಲೆಲ್ಲ ಗೇರನ್ನು ಕಚ್ಚಿ ಹಿಡಿಯುವ ಡಾಗ್ ಹಲ್ಲಿನ ಮೂಲೆಗಳು ಉರುಟಾಗುತ್ತವೆ, ಮೂಲೆ ಉರುಟಾದ ಹಲ್ಲು ಇಳಿಜಾರಿನಲ್ಲಿ ನಿಲ್ಲದೆ ಜಾರುತ್ತದೆ. ತಾವು ಬರೆದ ಎರಡು ತೊಂದರೆಗಳೂ ಹೀಗೆ ಒಂದೇ ಎಳೆಗೆ ಸೇರಿದವು.

ಸರ್ವೋ ಒಳ್ಳೆಯದೋ ಕ್ಯಾಸ್ಟ್ರಾಲ್ ಒಳ್ಳೆಯದೋ ಎಂದು ಇಲ್ಲಿ ಮೂರು ಜನ ವಾದಕ್ಕಿಳಿದಿದ್ದಾರೆ. ಎರಡು ಕಂಪನಿಗಳೂ ಎರಡು ದರ್ಜೆಗಳನ್ನೂ ಮಾರುತ್ತವೆ. ಡಬ್ಬದ ಮುಂದಿನ ಹೆಸರು ಬಿಟ್ಟು ಹಿಂದಿನ ಅಕ್ಷರ ಓದಿ. ಜಿಎಲ್-4 ಮತ್ತು ಜಿಎಲ್-5 ಎರಡಕ್ಕೂ ಸರಿ ಎಂದು ಬರೆದ ಡಬ್ಬಗಳೂ ಬರುತ್ತವೆ. ಅವುಗಳಲ್ಲಿ ಕೆಲವು ಹಿತ್ತಾಳೆಗೆ ಅಪಾಯವಿಲ್ಲದಂತೆ ತಯಾರಾದವು ಎಂಬುದನ್ನು ಒಪ್ಪುತ್ತೇನೆ, ಆದರೂ ಹಳೆಯ ಜೀಪಿಗೆ ನಾನು ಹಾಕುವುದಿಲ್ಲ. ಇದನ್ನು ಓದಿ ಕ್ರೌನಿಗೂ ಜಿಎಲ್-4 ಸುರಿಯಬೇಡಿ, ಅಲ್ಲಿ ಜಿಎಲ್-5ರ ಅಗತ್ಯವಿದೆ. 2020ರ ನಂತರದ ಥಾರ್, 2023ರಲ್ಲಿ ಬಂದ ಜಿಮ್ನಿ ಇಟ್ಟುಕೊಂಡವರು ನನ್ನ ಮಾತು ಬಿಟ್ಟು ಗಾಡಿಯ ಪುಸ್ತಕ ನೋಡಬೇಕು. ಆಟೋಮ್ಯಾಟಿಕ್ ಗಾಡಿಗಳಿಗಂತೂ ಮೇಲಿನ ಯಾವ ಸಲಹೆಯೂ ಅನ್ವಯಿಸುವುದಿಲ್ಲ.

ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕುವುದನ್ನು ಇಂದೇ ನಿಲ್ಲಿಸಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗುತ್ತವೆ. ನಮ್ಮ ಜೀಪು, ಜಿಪ್ಸಿ, ಥಾರ್‌ಗಳಲ್ಲಿ ಎರಡು ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಕಾರಣ ಆ ವ್ಯತ್ಯಾಸ ಹೋಗಲು ಜಾಗವಿರುವುದಿಲ್ಲ. ಕೆಸರಿನಲ್ಲಿ ಯಾವುದೋ ಒಂದು ಚಕ್ರ ಜಾರಿ ಬಿಗಿತ ಸಡಿಲವಾಗುತ್ತದೆ, ಟಾರಿನಲ್ಲಿ ಅದು ಒದ್ದೆಯಿದ್ದರೂ ಚಕ್ರ ಅಷ್ಟು ಸುಲಭಕ್ಕೆ ಜಾರುವುದಿಲ್ಲ. ಆ ಬಿಗಿತವೆಲ್ಲ ಆಕ್ಸಲ್ಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಅದರ ಕೀಲಾದ ಕ್ರಾಸ್ ಮತ್ತು ಟ್ರಾನ್ಸ್‌ಫರ್ ಕೇಸಿನ ಹಲ್ಲುಗಳ ಮೇಲೆ ಬೀಳುತ್ತದೆ. ಇದು ನೇರವಾಗಿ ಎರಡನೇ ಗೇರನ್ನು ಕೆಡಿಸುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಆದರೆ ಅಲ್ಲಿ ಎದ್ದ ಶಬ್ದವನ್ನು ಗೇರ್ ಬಾಕ್ಸಿನದೆಂದು ತಿಳಿದು ತಪ್ಪು ಬಾಕ್ಸ್ ಬಿಚ್ಚಿಸಿದವರು ಈ ಗುಂಪಿನಲ್ಲೇ ಇದ್ದಾರೆ. ಫೋರ್ ವೀಲ್ ಲಿವರ್ ಹೊರಗೆ ಬಾರದೆ ಅಂಟಿಕೊಂಡರೆ ಸುತ್ತಿಗೆ ಹಿಡಿಯಬೇಡಿ. ಕೆಲವು ಮೀಟರ್ ನೇರವಾಗಿ ಹಿಂದಕ್ಕೆ ಹೋದರೆ ಬಿಗಿತ ಬಿಟ್ಟು ಲಿವರ್ ತಾನಾಗಿ ಸಡಿಲವಾಗುತ್ತದೆ. ಎರಡು ಹೊಸ ಟಯರ್ ಹಿಂದೆ, ಎರಡು ಬೋಳು ಟಯರ್ ಮುಂದೆ ಹಾಕುವ ಉಳಿತಾಯವೂ ಇದೇ ಬಿಗಿತವನ್ನು ತರುತ್ತದೆ, ನೇರ ರಸ್ತೆಯಲ್ಲೂ ತರುತ್ತದೆ.

ಫೋರ್ ವೀಲಿನ ಲೋ ಗೇರನ್ನು (ಲೋ ರೇಂಜ್) ಗಾಡಿ ಪೂರ್ತಿ ನಿಂತ ಮೇಲೆಯೇ ಹಾಕಬೇಕು. ಲೋ ರೇಂಜ್ ತಿರುಗುಬಲವನ್ನು ಸುಮಾರು 2ರಿಂದ 2.5 ಪಟ್ಟು ಹೆಚ್ಚಿಸುತ್ತದೆ. ಕೆಸರಿನಲ್ಲಿ ಸಿಕ್ಕಿಕೊಂಡಾಗ ಒಂದನೇ ಗೇರಿನಿಂದ ರಿವರ್ಸಿಗೆ, ರಿವರ್ಸಿನಿಂದ ಒಂದಕ್ಕೆ ಎಂದು ಕ್ಲಚ್ ಬಿಟ್ಟು ಬಿಟ್ಟು ಒದೆಯುವ ಚಾಲಕ ಅದೇ ಬಲದಿಂದ ಹಲ್ಲು ಮುರಿಯುತ್ತಾನೆ. ಚಾಲಕನಿಗೆ ಬೈಯುವ ಮುನ್ನ ಒಂದು ಗುದ್ದಲಿ ಮತ್ತು ಎರಡು ಹಲಗೆಗಳನ್ನು ಗಾಡಿಯಲ್ಲಿ ಇಟ್ಟಿದ್ದೇವೆಯೇ ಎಂದು ಮಾಲೀಕರೂ ನೋಡಿಕೊಳ್ಳಬೇಕು.

ಹಳ್ಳ ದಾಟುವವರಿಗೂ ಒಂದು ಮಾತು. ಬಿಸಿಯಾದ ಬಾಕ್ಸ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಬ್ರೀದರಿನಿಂದಲೋ (ಬಾಕ್ಸಿನ ಗಾಳಿ ತೂತು) ಸವೆದ ಸೀಲಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ದಾಟುವ ಮುನ್ನ ಕೆಲವು ನಿಮಿಷ ನಿಲ್ಲಿಸಿ ತಣಿಸುವುದು ಒಳ್ಳೆಯದು. ಬ್ರೀದರಿಗೆ ಆಯಿಲ್ ತಡೆಯುವ ರಬ್ಬರ್ ಪೈಪ್ ಜೋಡಿಸಿ ಬಾನೆಟ್ಟಿನ ಎತ್ತರಕ್ಕೆ ಒಯ್ದು ಕ್ಲಿಪ್ ಹಾಕುವುದು ಇನ್ನೂ ಒಳ್ಳೆಯದು. ಪೈಪ್ ಎಲ್ಲೂ ಮಡಚಿಕೊಳ್ಳಬಾರದು, ಬ್ರೀದರ್ ಕಟ್ಟಿಕೊಂಡರೆ ಒತ್ತಡ ಏರಿ ಸೀಲುಗಳೇ ಸೋರುತ್ತವೆ. ನೀರು ಸೇರಿದ್ದು ಕಂಡರೆ ಮಳೆಗಾಲ ಮುಗಿಯಲಿ ಎಂದು ಕಾಯಬೇಡಿ. ಡೀಸೆಲ್ ಹಾಕಿ ತೊಳೆಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಮೂಲೆಯಲ್ಲಿ ಉಳಿದ ಡೀಸೆಲ್ ಹೊಸ ಆಯಿಲನ್ನು ತೆಳುಮಾಡುತ್ತದೆ. ಅಗ್ಗದ ಜಿಎಲ್-4 ತುಂಬಿಸಿ, ಸ್ವಲ್ಪ ಓಡಿಸಿ, ಇಳಿಸಿ, ಮತ್ತೆ ಒಳ್ಳೆಯದನ್ನು ತುಂಬಿಸಿ.

ಕೆಟ್ಟು ನಿಂತ ಜೀಪನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆಯುವಾಗ ಗೇರ್ ಲಿವರ್ ಮಾತ್ರ ನ್ಯೂಟ್ರಲ್ ಮಾಡಿದರೆ ಸಾಲದು. ಚಕ್ರಗಳು ಬಾಕ್ಸಿನಿಂದ ಹೊರಬರುವ ಮೇನ್ ಶಾಫ್ಟನ್ನು ತಿರುಗಿಸುತ್ತವೆ, ಇಂಜಿನ್ ನಿಂತಿರುವುದರಿಂದ ಲೇ ಶಾಫ್ಟ್ ತಿರುಗುವುದಿಲ್ಲ, ಆಯಿಲ್ ಮೇಲಕ್ಕೆ ಸಿಡಿಯುವುದಿಲ್ಲ, ಬೇರಿಂಗ್ ಒಣಗಿ ಸುಡುತ್ತದೆ. ಟ್ರಾನ್ಸ್‌ಫರ್ ಕೇಸನ್ನೇ ನ್ಯೂಟ್ರಲ್‌ಗೆ ಹಾಕಿ, ದೂರದ ದಾರಿಯಾದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಬಿಡಿ.

ಕೊನೆಗೂ ಬಾಕ್ಸ್ ಬಿಚ್ಚಲೇಬೇಕಾದರೆ ಎದುರಿಗೆ ನಿಂತು ಬಿಚ್ಚಿಸಿ. ಮುರಿದ ಹಲ್ಲನ್ನು ಎಸೆಯಲು ಬಿಡಬೇಡಿ: ಮುರಿದ ಮುಖದಲ್ಲಿ ಅರ್ಧಚಂದ್ರದಂತಹ ಗೆರೆಗಳಿದ್ದರೆ ಬಿರುಕು ಬಹಳ ಕಾಲದಿಂದ ಬೆಳೆದು ಬಂದಿದೆ, ಇಡೀ ಮುಖ ಸಕ್ಕರೆಯಂತೆ ಹರಳುಹರಳಾಗಿದ್ದರೆ ಒಂದೇ ಹೊಡೆತಕ್ಕೆ ಮುರಿದಿದೆ. ಹಲ್ಲಿನ ಮೈಮೇಲೆ ಸಣ್ಣ ಗುಂಡಿಗಳಿದ್ದರೆ ಆಯಿಲಿನ ಪದರ ಸೋತಿದೆ, ನೀರು ಸೇರಿದ ಬಾಕ್ಸ್‌ಗಳಲ್ಲಿ ಇದು ಬೇಗ ಕಾಣುತ್ತದೆ. ಹೊಸ ಗೇರನ್ನು ಸವೆದ ಜೊತೆಗೇರಿನ ಮೇಲೆ ಕೂರಿಸಬಾರದು, ಜೋಡಿಯಾಗಿಯೇ ಬದಲಿಸಬೇಕು. ಸಿಂಕ್ರೋ ರಿಂಗ್, ಬೇರಿಂಗ್, ಸೀಲುಗಳನ್ನೂ ಆಗಲೇ ಮುಗಿಸಬೇಕು, ಫ್ಲೈವೀಲಿನ ಪೈಲಟ್ ಬೇರಿಂಗನ್ನು ಮರೆಯಬಾರದು. ಬೇರಿಂಗ್ ಎಸ್‌ಕೆಎಫ್ ಆಗಲಿ ಎನ್‌ಬಿಸಿ ಆಗಲಿ ನನಗೆ ಎರಡೂ ಸರಿಯೇ, ಆದರೆ ಅಧಿಕೃತ ಡೀಲರಿನಿಂದ ಬಿಲ್ ಪಡೆದು ತನ್ನಿ, ಏಕೆಂದರೆ ಪೇಟೆಯಲ್ಲಿ ನಕಲಿ ಪೆಟ್ಟಿಗೆಗಳ ಕಾಟ ಬಹಳ.

ಸದ್ಯಕ್ಕೆ ಮೂರು ವಿಷಯ ತಿಳಿಸಿ: ರಿವರ್ಸ್ ಪರೀಕ್ಷೆಯಲ್ಲಿ ಏನಾಯಿತು, ಬೂಟ್ ಬಿಚ್ಚಿದಾಗಲೂ ಎರಡನೆಯದು ಜಾರಿತೇ, ಮ್ಯಾಗ್ನೆಟ್ ಹಿಡಿಯದ ಹಳದಿ ಮಿನುಗು ಆಯಿಲಿನಲ್ಲಿ ಇದೆಯೇ. ಬೇಸಿನ್ನಿನ ಫೋಟೋವನ್ನು ಬಿಸಿಲಿನಲ್ಲೇ ತೆಗೆಯಿರಿ, ಶೆಡ್ಡಿನ ಟ್ಯೂಬ್‌ಲೈಟಿನಲ್ಲಿ ಆ ಮಿನುಗು ಕಾಣಿಸುವುದಿಲ್ಲ.