ಸೀತಾಫಲದ ಗಿಡದ ತುಂಬ ಹೂ ಬಿಡುತ್ತದೆ, ಕಾಯಿ ಮಾತ್ರ ಕಚ್ಚುವುದಿಲ್ಲ. ಏಕೆ?

ಸಾಮಾನ್ಯವಾಗಿ ಪರಾಗ ಸೇರದಿರುವುದೇ ಕಾರಣ. ನೀವೇ ಕೈಯಾರೆ ಸೇರಿಸಿದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ಸೀತಾಫಲದ ಒಂದೇ ಹೂವಿನಲ್ಲಿ ಹೆಣ್ಣು, ಗಂಡು ಎರಡೂ ಭಾಗಗಳಿವೆ, ಆದರೆ ಸರದಿ ಬೇರೆ. ದಳ ಅರೆಬಿರಿದಾಗ ಹೆಣ್ಣು ಭಾಗ ಅಂಟಂಟಾಗಿ ಸಿದ್ಧವಿರುತ್ತದೆ. ದಳ ಪೂರ್ತಿ ಬಿಚ್ಚಿ ಪರಾಗ ಉದುರುವ ಹೊತ್ತಿಗೆ ಹೆಣ್ಣು ಭಾಗ ಒಣಗಿಹೋಗಿರುತ್ತದೆ. ಪರಾಗ ಸಾಗಿಸಲು ಪುಟ್ಟ ಜೀರುಂಡೆಗಳೇ ಬರಬೇಕು, ಮನೆಯಂಗಳದಲ್ಲಿ ಅವು ಹಲವೆಡೆ ಸಾಲುವುದಿಲ್ಲ.

ಪೂರ್ತಿ ಬಿರಿದ ಹೂಗಳನ್ನು ಬಟ್ಟಲಿಗೆ ಕೊಡವಿ. ಆ ಪುಡಿಯನ್ನು ಬಿಸಿಲೇರುವ ಮುನ್ನ, ಮೆತ್ತನೆಯ ಕುಂಚದಿಂದ, ಅರೆಬಿರಿದ ಹೂವಿನ ನಡುಭಾಗಕ್ಕೆ ಸುತ್ತಲೂ ಹಚ್ಚಿ. ಸುತ್ತಲೂ ಹಚ್ಚುವುದು ಬಹಳ ಮುಖ್ಯ: ಹಣ್ಣಿನ ಒಂದೊಂದು ಕಣ್ಣೂ ಬೇರೆ ಬೇರೆ ಅಂಡಾಶಯದಿಂದ ಬೆಳೆಯುತ್ತದೆ, ಪರಾಗ ತಾಗದ ಕಡೆ ಹಣ್ಣು ಸೊಟ್ಟಗಾಗುತ್ತದೆ. ಅರ್ಕಾ ಸಹನ್ ಎಂಬ ಮಿಶ್ರತಳಿಯ ಸೀತಾಫಲಕ್ಕಂತೂ ನಾಟಿ ಸೀತಾಫಲದ ಪರಾಗ ಹಚ್ಚಿ.