ಲೈಟ್ ಆರಿಸಬೇಡ ಅಂದನಲ್ಲ, ಅದನ್ನು ಕೇಳಿಸಿಕೊಳ್ಳಿ

ತಿಪಟೂರು ಕಡೆಯ ಅಕ್ಕ ಒಬ್ಬರು ಬರೆದಿದ್ದಾರೆ. ತಮ್ಮನಿಗೆ 23 ವರ್ಷ. ಹೋದ ವರ್ಷ ಅವನಿಗೆ ದೇವಿಯ ಮಾತು ಕೇಳಿಸತೊಡಗಿತು. ಡಾಕ್ಟರು ಸೈಕೋಸಿಸ್ (ಇಲ್ಲದ ಮಾತು ಕೇಳಿಸುವಂಥ ಮನಸ್ಸಿನ ಕಾಯಿಲೆ) ಅಂದರು, ಮಾತ್ರೆ ಕೊಟ್ಟರು, ಹುಡುಗ ಸುಧಾರಿಸಿದ. ಈಗ ಸೋದರಮಾವ ಬಂದು "ಇದು ಕಾಯಿಲೆ ಅಲ್ಲ, ಮೈಮೇಲೆ ಬರೋದು" ಎಂದು ಮಾತ್ರೆ ಬಿಡಿಸಿದ್ದಾರೆ. ಶುಕ್ರವಾರ ಊರವರನ್ನು ಕರೆತಂದು ಅವನ ಮುಂದೆ ಕೂರಿಸಿ ಪ್ರಶ್ನೆ ಕೇಳಿಸುತ್ತಾರೆ. "ದೇವಿಯೋ, ಕಾಯಿಲೆಯೋ, ನೀವೇ ಹೇಳಿ" ಅಂತ ಈ ಅಕ್ಕ ಕೇಳಿದ್ದಾರೆ.

ನಿಮ್ಮ ಪತ್ರದ ಕೊನೆಯಲ್ಲಿ, ಕರೆಂಟ್ ಬಿಲ್ ಜಾಸ್ತಿ ಬಂದ ಮಾತಿನ ಜೊತೆ ಒಂದು ಸಾಲಿದೆ. "ಮಲಗುವಾಗ ಲೈಟ್ ಆರಿಸಬೇಡ ಅಕ್ಕ ಅಂತಾನೆ, ಬೆಳಗಿನ ತನಕ ಉರಿಯುತ್ತೆ." ನಾನು ಅಲ್ಲೇ ನಿಂತುಬಿಟ್ಟೆ. ಆ ಹುಡುಗ ಹೆದರಿದ್ದಾನೆ, ಅಲ್ವಾ? ಮನೆಯಲ್ಲಿ ಇಷ್ಟು ವಾದ ನಡೆದಿದೆ, "ನಿನಗೆ ಭಯ ಆಗ್ತಿದೆಯಾ ಮಗಾ" ಅಂತ ಒಬ್ಬರೂ ಕೇಳಿಲ್ಲ.

ಮಾವನ ಮೇಲೆ ನನಗೆ ಸಿಟ್ಟಿದೆ. ನಿದ್ದೆಗೆಟ್ಟ ಹುಡುಗನ ಬಾಯಲ್ಲಿ ಊರವರ ಮದುವೆ, ಜಮೀನಿನ ಭವಿಷ್ಯ ಹೇಳಿಸುವುದು ಭಕ್ತಿಯಾ? ಮಾತ್ರೆ ತಟ್ಟನೆ ಬಿಟ್ಟರೆ ಕಾಯಿಲೆ ಮರುಕಳಿಸುವ ಅಪಾಯ ದೊಡ್ಡದು. ನಿದ್ದೆ ಕೆಡುವುದು ಎಷ್ಟೋ ಸಲ ಅದರ ಮೊದಲ ಸುಳಿವು.

ನಾನೂ ದಿನಾ ದೀಪ ಹಚ್ಚುವವಳು. ದೇವರಿಗೂ ಮಾತ್ರೆಗೂ ಜಗಳ ಇಲ್ಲ ಅಂತ ಎಷ್ಟು ಸಲ ಬರೆದಿದ್ದೇನೋ. ತಮಿಳುನಾಡಿನ ಒಂದು ಮುತ್ತುಸ್ವಾಮಿ ಗುಡಿಯಲ್ಲಿ ಉಳಿದಿದ್ದ, ಮನಸ್ಸಿನ ಕಾಯಿಲೆಯ 31 ಜನರನ್ನು ನಿಮ್ಹಾನ್ಸ್ ವೈದ್ಯರು ಗಮನಿಸಿ 2002ರಲ್ಲಿ ವರದಿ ಮಾಡಿದ್ದರು. ಸರಾಸರಿ ಆರು ವಾರದಲ್ಲಿ ಅವರ ಲಕ್ಷಣಗಳು ಸುಮಾರು ಶೇ 20ರಷ್ಟು ಇಳಿದಿದ್ದವು. ಅಲ್ಲಿ ದೆವ್ವ ಬಿಡಿಸುವುದು ಏನೂ ಇರಲಿಲ್ಲ. ಬೆಳಿಗ್ಗೆ ಸಣ್ಣ ಪೂಜೆ, ಆಮೇಲೆ ಗುಡಿ ಸ್ವಚ್ಛ ಮಾಡೋದು, ಗಿಡಕ್ಕೆ ನೀರು ಹಾಕೋದು, ಪಕ್ಕದಲ್ಲಿ ಮನೆಯವರೊಬ್ಬರು. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಗುಣವಾಗಲೆಂದು ಬಂದವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದರು. 2001ರಲ್ಲಿ ಬೆಂಕಿ ಬಿದ್ದಾಗ 28 ಜನ ಓಡಲಾಗದೆ ಸತ್ತರು. ಎರಡೂ ಕಡೆ ದೇವರಿದ್ದ. ಸುತ್ತಲಿನ ಜನ ಬೇರೆ.

ಹಾಗಾಗಿ ದೇವಿಯೋ ಕಾಯಿಲೆಯೋ ಅನ್ನೋದನ್ನು ಅವನು ಗಟ್ಟಿಯಾದ ಮೇಲೆ, ಅವನೇ ಯೋಚಿಸಲಿ. ಗುಡಿಗೆ ಹೂ ಕಟ್ಟಲಿ, ಅಂಗಳ ಗುಡಿಸಲಿ. ಉಪವಾಸ, ರಾತ್ರಿಯೆಲ್ಲ ಒಬ್ಬನೇ ಕೂತು ಜಪ ಸದ್ಯಕ್ಕೆ ಬೇಡ.

ನೀವು ಮಾಡಬೇಕಾದ ಕೆಲಸ ಒಂದೇ. ಮುಂದಿನ ಶುಕ್ರವಾರದ ಒಳಗೆ ಅವನನ್ನು ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಲೈಟಿನ ವಿಷಯ ಮೊದಲು ಹೇಳಿ. ಅಷ್ಟರಲ್ಲಿ ಕೇಳಿಸುವ ಮಾತು "ಸಾಯಿ" ಅಂತಲೋ "ಹೊಡಿ" ಅಂತಲೋ ಹೇಳಿದರೆ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಹೊರಡಿ. ದಾರಿ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಇವತ್ತು ರಾತ್ರಿ ನಿಮ್ಮ ಚಾಪೆಯನ್ನು ಅವನ ಕೋಣೆಯಲ್ಲೇ ಹಾಸಿ. ಲೈಟ್ ಉರಿಯಲಿ, ಬಿಲ್ಲಿನ ಚಿಂತೆ ಬೇಡ.